ಬೆಸುಗೆಯಿಂದ ಬೆಳೆಯುವ ಉಕ್ಕು

ವೆಲ್ಡಿಂಗ್ ಷಾಪಿನ ಮುಂದೆ ಹಾದುಹೋಗುವಾಗ ಕಣ್ಣು ಕೋರೈಸುವ ನೀಲಿ ಬೆಳಕನ್ನು ನೀವೆಲ್ಲ ಕಂಡಿರುತ್ತೀರಿ. (ಅದನ್ನು ಬರಿಗಣ್ಣಿನಿಂದ ದಿಟ್ಟಿಸಬಾರದು!) ಲೋಹದ ಎರಡು ತುಂಡುಗಳನ್ನು ಕೂಡಿಸುವ ಈ ಬೆಸುಗೆಯಿಂದಲೇ ಇಡೀ ವಸ್ತುವೊಂದನ್ನು ತಯಾರಿಸಬಹುದೆಂದರೆ ನಂಬುವಿರಾ?

ಯೋಚನೆ ಹಳೆಯದೇ. ಅಮೆರಿಕದ ರಾಲ್ಫ್ ಬೇಕರ್ ಎಂಬಾತ 1920ರಲ್ಲಿಯೇ ಇದರ ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದ. 1925ರಲ್ಲಿ ಅದು ದೊರೆಯಿತು. ಆತನ ಗುರಿ ಅಲಂಕಾರದ ವಸ್ತುಗಳು. ಇಂದು ಟಾರ್ಚ್ ಹಿಡಿಯುವುದು ರೋಬಾಟಿನ ತೋಳು. ಸುಮಾರು ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ ವಿದ್ಯುತ್ ಆರ್ಕಿನ ಶಾಖಕ್ಕೆ ಕರಗಿ, ಚಕ್ಕುಲಿ ಒರಳಿನಿಂದ ಇಳಿದ ಹಿಟ್ಟಿನಂತೆ ಸಾಲಾಗಿ ಕೂರುತ್ತದೆ. ಗಾಳಿ ತಾಗದಂತೆ ಆರ್ಗಾನ್‌ನಂತಹ ಅನಿಲದ ಹೊದಿಕೆ. ಒಂದು ಪದರದ ಮೇಲೆ ಮತ್ತೊಂದು ಪದರ. ಹೀಗೆ ವಸ್ತು ಬೆಳೆಯುತ್ತದೆ. ದೊಡ್ಡ ಗಟ್ಟಿಯನ್ನು ಕೊರೆದು ರಾಶಿ ರಾಶಿ ಚೂರು ಎಸೆಯಬೇಕಾಗಿಲ್ಲ.

"ಸಾರ್, ಅದು ಭಾರ ತಡೆಯುತ್ತದೆಯೇ?" ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಕೇಳಲೇಬೇಕಾದ ಪ್ರಶ್ನೆ! ಅಧಿಕ ಬಲದ ಉಕ್ಕಿನಲ್ಲಿ ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಂತಿಯೂ 70 ಕಿಲೋಗ್ರಾಂ ತೂಗಬಲ್ಲದು, ಅಂದರೆ ಒಬ್ಬ ವಯಸ್ಕನನ್ನು. ಆದರೆ ಈ ಬಲ ಉಕ್ಕಿನಲ್ಲಿ ಏನೇನು ಬೆರೆತಿದೆ ಎಂಬುದರಿಂದ ಮಾತ್ರ ಬರುವುದಿಲ್ಲ. ಅದು ಎಷ್ಟು ಬೇಗ ತಣಿಯಿತು ಎಂಬುದೂ ಮುಖ್ಯ. ಕಮ್ಮಾರ ಕಾದ ಕುಡುಗೋಲನ್ನು ನೀರಿಗೆ ಅದ್ದುವುದು ಇದೇ ಕಾರಣಕ್ಕೆ.

ಇಲ್ಲಿ ಹೊಸ ಪದರ ಬಿದ್ದಾಗಲೆಲ್ಲ ಕೆಳಗಿನವು ಮತ್ತೆ ಕಾಯುತ್ತವೆ. ಶಾಖ ಹೆಚ್ಚು ಹೊತ್ತು ಉಳಿದರೆ ಉಕ್ಕು ಮೆದುವಾಗುತ್ತದೆ. ತೀರಾ ಬೇಗ ತಣಿದರೆ ಪೆಡಸಾಗುತ್ತದೆ. ತೇವಾಂಶದಿಂದ ಹೈಡ್ರೋಜನ್ ಸೇರಿಕೊಂಡರಂತೂ ಕೆಲಸ ಮುಗಿದ ಎಷ್ಟೋ ಗಂಟೆಗಳ ನಂತರವೂ ಬಿರುಕು ಬಿಡಬಹುದು. ಆದ್ದರಿಂದ ಕೆಳಗಿನ ಪದರ ಗೊತ್ತಾದ ಉಷ್ಣತೆಗೆ, ಸಾಮಾನ್ಯವಾಗಿ 150ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ, ಇಳಿಯುವವರೆಗೆ ಕಾಯುತ್ತಾರೆ. ಮಣ್ಣಿನ ಗೋಡೆ ಕಟ್ಟುವವರು ಒಂದು ವರಸೆ ಒಣಗಿದ ಮೇಲೆಯೇ ಇನ್ನೊಂದನ್ನು ಏರಿಸುವುದಿಲ್ಲವೇ, ಹಾಗೆ.

ನೆದರ್ಲೆಂಡ್ಸ್‌ನ ಹ್ಯೂಸ್‌ಮನ್ ಕಂಪನಿ ಹೀಗೆಯೇ ಕ್ರೇನಿನ ಕೊಕ್ಕೆಯೊಂದನ್ನು ತಯಾರಿಸಿತು. ಅದು ಎತ್ತಬೇಕಾದ ಭಾರ 36 ಟನ್. 2018ರಲ್ಲಿ ಅದಕ್ಕೆ 80 ಟನ್ ಭಾರ ಹೇರಿ ಪರೀಕ್ಷಿಸಿದರು, ಕೊಕ್ಕೆ ಗೆದ್ದಿತು. ಕ್ರೇನಿನ ಕೆಳಗೆ ದುಡಿಯುವವರ ಜೀವ ಅಂತಹ ಕೊಕ್ಕೆಯನ್ನೇ ನೆಚ್ಚಿರುತ್ತದೆ. ಕಣ್ಣಿಗೆ ಚೆನ್ನಾಗಿ ಕಂಡರೆ ಸಾಲದು, ಪರೀಕ್ಷೆ ಆಗಲೇಬೇಕು.

ಪೋಷಕರಿಗೊಂದು ಮಾತು. ಮಗ ಅಥವಾ ಮಗಳು ವೆಲ್ಡಿಂಗ್ ಕಲಿಯುತ್ತೇನೆಂದರೆ ಮೂಗು ಮುರಿಯಬೇಡಿ. ಆ ಕಿಡಿಯೊಳಗೆ ಭೌತಶಾಸ್ತ್ರವೂ ಇದೆ, ರಸಾಯನಶಾಸ್ತ್ರವೂ ಇದೆ.