ಫ್ರಾನ್ಸಿನ ಜನಸಾಮಾನ್ಯರ ಕಾರುಗಳ ಕಿರುಮಾದರಿ ಸಂಗ್ರಹ

ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನಲ್ಲಿ ಬಳಕೆಗೆ ಬಂದ ಅಗ್ಗದ ಕಾರುಗಳ ಕಿರುಮಾದರಿಗಳನ್ನು ಸಂಗ್ರಹಿಸುವುದು ಒಂದು ಹವ್ಯಾಸವಾಗಿದೆ. ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ರೆನೊ 4ಸಿವಿ 1946ರಲ್ಲಿ, ಹಳ್ಳಿಯ ರೈತರನ್ನು ಗಮನದಲ್ಲಿಟ್ಟು ರೂಪಿಸಿದ ಸಿಟ್ರೊಯೆನ್ 2ಸಿವಿ 1948ರಲ್ಲಿ ಅನಾವರಣಗೊಂಡವು. 2ಸಿವಿಯ ತಯಾರಿಕೆ 1990ರಲ್ಲಿ ನಿಂತಿತು.

ಅಳತೆ ಮತ್ತು ತಯಾರಕರು

ಸಂಗ್ರಾಹಕರಲ್ಲಿ 1:43 ಪ್ರಮಾಣವು ಹೆಚ್ಚು ಪ್ರಚಲಿತವಾಗಿದೆ. ಈ ಪ್ರಮಾಣದಲ್ಲಿ 3.83 ಮೀಟರ್ ಉದ್ದದ 2ಸಿವಿಯು ಸುಮಾರು 9 ಸೆಂಟಿಮೀಟರಿಗೆ ಇಳಿಯುತ್ತದೆ. ಪ್ಯಾರಿಸ್ ಸಮೀಪದ ಬೊಬಿನ್ಯಿಯ ಕಾರ್ಖಾನೆಯಲ್ಲಿ ತಯಾರಾದ ಡಿಂಕಿ ಟಾಯ್ಸ್ ಮಾದರಿಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯಲಾಗುತ್ತಿತ್ತು. ಲಿಯಾನ್ ಪ್ರದೇಶದ ನೊರೆವ್ ಸಂಸ್ಥೆಯು 1950ರ ದಶಕದಲ್ಲಿ ಪ್ಲಾಸ್ಟಿಕ್ ಮಾದರಿಗಳನ್ನು ಹೊರತಂದಿತು. ಸ್ಥಾಪಕರ ಮನೆತನದ ಹೆಸರಾದ ವೆರೊನ್ ಎಂಬುದನ್ನು ಫ್ರೆಂಚ್ ಅಕ್ಷರಗಳಲ್ಲಿ ಹಿಂದುಮುಂದಾಗಿ ಓದಿದರೆ ನೊರೆವ್ ಆಗುತ್ತದೆ.

ಸಂರಕ್ಷಣೆ ಮತ್ತು ಮೌಲ್ಯ

ನೊರೆವ್‌ನ ಆರಂಭಿಕ ಮಾದರಿಗಳಲ್ಲಿ ಬಳಸಿದ ಸೆಲ್ಯುಲೋಸ್ ಅಸಿಟೇಟ್ ಕಾಲಕ್ರಮೇಣ ಡೊಂಕಾಗುತ್ತದೆ. ಆದುದರಿಂದ ಅವುಗಳನ್ನು ಬಿಸಿಲು ಮತ್ತು ಶಾಖದಿಂದ ದೂರವಿಡುವುದು ಅವಶ್ಯಕ. ಮೂಲ ಬಣ್ಣ ಹಾಗೂ ಮೂಲ ಪೆಟ್ಟಿಗೆ ಉಳಿದಿರುವ ಮಾದರಿಗೆ ಬೆಲೆ ಹೆಚ್ಚು. ಹೊಸದಾಗಿ ಬಣ್ಣ ಬಳಿದರೆ ಅದರ ಬೆಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಇವು ಮಕ್ಕಳು ಆಡಲೆಂದೇ ಮಾಡಿದ ಆಟಿಕೆಗಳಾದ್ದರಿಂದ ಸವೆಯದೆ ಉಳಿದವು ವಿರಳ. ದಿನನಿತ್ಯದ ದುಡಿಮೆಯಲ್ಲಿ ಸವೆದು ಗುಜರಿ ಸೇರಿದ ಮೂಲ ಕಾರುಗಳ ರೂಪವನ್ನು ಮುಂದಿನ ಪೀಳಿಗೆಗೆ ತೋರಿಸುವುದರಲ್ಲಿ ಇಂತಹ ಸಂಗ್ರಹಗಳ ಮಹತ್ವವಿದೆ.