ಸಿನ್ನರ್ ಹಿತ್ತಲಿನ ಟೊಮೆಟೊ, ಕೋಲಾರದ ಲೆಕ್ಕ

ಫೆಬ್ರುವರಿ ಬಂತೆಂದರೆ ನಮ್ಮ ಮನೆಯಲ್ಲಿ ಟೊಮೆಟೊ ಬೇಡವೆಂದರೂ ಬರುತ್ತದೆ. ಸಿನ್ನರ್‌ನ ಬಾಡಿಗೆ ಮನೆಯ ಹಿತ್ತಲಲ್ಲಿ ಹದಿನಾಲ್ಕು ಗಿಡಗಳಿವೆ. ಬೀಜ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’. ಎಲೆ ಮುದುಡು, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಹೈಬ್ರಿಡ್ ತಳಿ ಅದು. ಮೂರು ದಿನಕ್ಕೊಮ್ಮೆ ಬುಟ್ಟಿ ತುಂಬುತ್ತದೆ. ಪಕ್ಕದ ಮನೆಯ ಕಾಕುಗೆ ಕೊಡಲು ಹೋದರೆ ಅವರು ನಕ್ಕು ತಮ್ಮ ಬುಟ್ಟಿಯನ್ನೇ ತೋರಿಸುತ್ತಾರೆ.

ಹೆಂಡತಿಗೆ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ನಾನು ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಸೇರಿದವನು, ಮನೆಯಿಂದಲೇ ಕೋಡ್ ಬರೆಯುತ್ತೇನೆ. ದೇವಗಿರಿಗೆ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದ ಬಳಿಯ ದೌಲತಾಬಾದ್‌ಗೆ ಹೋಗುವ ಮೊದಲು ಸೇವುಣ ಯಾದವರ ರಾಜಧಾನಿ ಇದೇ ಸಿನ್ನರ್ ಆಗಿತ್ತು. ಆ ಅರಸರ ಶಾಸನಗಳಲ್ಲಿ ಕನ್ನಡದವು ಬೇಕಾದಷ್ಟಿವೆ. ಸಂಜೆ ಗೋಂದೇಶ್ವರ ದೇಗುಲದ ಜಗಲಿಯಲ್ಲಿ ಕೂತರೆ ಪರಸ್ಥಳ ಅನ್ನಿಸುವುದು ಸ್ವಲ್ಪ ಕಡಿಮೆ.

ನನ್ನೂರು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿದೆ. ಹೀಗಾಗಿ ಒಂದು ಟೊಮೆಟೊ ಸೀಮೆಯಿಂದ ಇನ್ನೊಂದಕ್ಕೆ ಬಂದವನು ನಾನು. ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋ ಬಾಕ್ಸ್, ನಾಸಿಕ್ ಜಿಲ್ಲೆಯ ಪಿಂಪಳಗಾಂವ್ ಬಸವಂತದಲ್ಲಿ ಇಪ್ಪತ್ತು ಕಿಲೋ ಕ್ರೇಟ್. ಅಳತೆ ಬೇರೆ, ಸಂಕಟ ಒಂದೇ. 2021ರ ಆಗಸ್ಟ್‌ನಲ್ಲಿ ಕಿಲೋಗೆ ಎರಡು ಮೂರು ರೂಪಾಯಿ ಸಿಕ್ಕಾಗ ನಾಸಿಕ್ ರೈತರು ಹಣ್ಣನ್ನು ರಸ್ತೆಗೆ ಸುರಿದರು. 2023ರ ಜುಲೈನಲ್ಲಿ ಅದೇ ಹಣ್ಣು ಪೇಟೆಯಲ್ಲಿ ನೂರು ರೂಪಾಯಿ ದಾಟಿತು. ಲಾಕ್‌ಡೌನ್ ವರ್ಷ ಅಪ್ಪ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲವೆಂದು ಒಂದೂವರೆ ಎಕರೆ ಹಣ್ಣಿನ ಮೇಲೆ ಟ್ರ್ಯಾಕ್ಟರ್ ಹೊಡೆಸಿದರು. ಅಂದಿನಿಂದ ನನಗೆ ಒಂದು ಹಣ್ಣು ಕೊಳೆತರೂ ತಡೆಯುವುದಿಲ್ಲ.

ಆ ಹಟದಲ್ಲೇ ಮೊದಲ ವರ್ಷ ದೊಡ್ಡ ತಪ್ಪು ಮಾಡಿದೆ. ಟೊಮೆಟೊ, ಈರುಳ್ಳಿ, ದಪ್ಪ ಮೆಣಸಿನಕಾಯಿ ಸೇರಿಸಿ ಬೇಯಿಸಿ, ಬಿಸಿ ಬಿಸಿಯಾಗಿ ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ಅಡುಗೆಮನೆಯ ಕಪಾಟಿನಲ್ಲಿ ಸಾಲಾಗಿ ಇಟ್ಟೆ. ಹನ್ನೆರಡನೇ ದಿನ ಒಂದರ ಮುಚ್ಚಳ ಉಬ್ಬಿತ್ತು. ಊರಿಂದ ಬಂದಿದ್ದ ಅಮ್ಮ ಅದನ್ನು ತೆಗೆದು, “ಹುಳಿ ಬಂದಿದೆಯಾ ನೋಡ್ತೀನಿ ಇರು” ಎಂದು ಚಮಚ ಬಾಯಿಗೆ ಇಡುವುದರಲ್ಲಿದ್ದರು. ನಾನು ಮೀಟಿಂಗ್ ಬಿಟ್ಟು ಓಡಿ ಕೈ ಹಿಡಿದೆ. ಅಮ್ಮ ಬೈದರು. ಅಷ್ಟೂ ಬಾಟಲಿಗಳನ್ನು ಮುಚ್ಚಳ ಸಮೇತ ಕಸಕ್ಕೆ ಹಾಕಿದೆ.

ನಾನು ಹೆದರಿದ್ದು ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾಕ್ಕೆ. ಇದರ ಬೀಜಾಣು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಗಾಳಿಯಾಡದ, ಹುಳಿ ಕಡಿಮೆಯಿರುವ ಬಾಟಲಿಯೊಳಗೆ ಅದು ಬೆಳೆದು ನರಗಳನ್ನೇ ನಿಲ್ಲಿಸುವ ವಿಷ ಬಿಡುತ್ತದೆ. ವಾಸನೆ, ರುಚಿಯಲ್ಲಿ ಗೊತ್ತಾಗಬೇಕೆಂದೇನಿಲ್ಲ, ಮುಚ್ಚಳವೂ ಪ್ರತಿ ಸಲ ಉಬ್ಬುವುದಿಲ್ಲ. ಪಿಎಚ್ 4.6ಕ್ಕಿಂತ ಕಡಿಮೆಯಿದ್ದರೆ, ಅಂದರೆ ಹುಳಿ ಚೆನ್ನಾಗಿದ್ದರೆ, ಅದು ಬೆಳೆಯದು. ಟೊಮೆಟೊ ಈ ಗೆರೆಯ ಅಕ್ಕಪಕ್ಕದಲ್ಲೇ ಇರುತ್ತದೆ. ಈರುಳ್ಳಿ, ಮೆಣಸಿನಕಾಯಿ ಸೇರಿತೋ, ಹುಳಿ ಇನ್ನೂ ಇಳಿಯುತ್ತದೆ. ಜತೆಗೆ ದಖನ್ನಿನ ಈ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ತರಕಾರಿ ಬೆರೆತದ್ದನ್ನು ಬಾಟಲಿಯಲ್ಲಿ ಹೊರಗಿಡಲು ಅದಕ್ಕೆಂದೇ ಮಾಡಿದ ಪ್ರೆಷರ್ ಕ್ಯಾನರ್ ಬೇಕು. ನಮ್ಮ ಕುಕ್ಕರಿನ ಸೀಟಿ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಹಾಗಾಗಿ ಈಗ ನನ್ನದು ಫ್ರೀಜರ್ ದಾರಿ. ಮೂರು ಕಿಲೋ ಗಟ್ಟಿ ಹಣ್ಣು ತೊಳೆದು, ತಳದಲ್ಲಿ ಚಾಕುವಿನಿಂದ ಕತ್ತರಿ ಗುರುತು ಹಾಕಿ, ಕುದಿಯುವ ನೀರಿಗೆ ಮುಕ್ಕಾಲು ನಿಮಿಷ ಬಿಡುತ್ತೇನೆ. ತಕ್ಷಣ ಐಸ್ ನೀರಿಗೆ ಹಾಕಿದರೆ ಸಿಪ್ಪೆ ತಾನಾಗಿ ಬಿಡುತ್ತದೆ. ತೊಟ್ಟಿನ ಗಟ್ಟಿ ಭಾಗ ತೆಗೆದು ನಾಲ್ಕು ಹೋಳು ಮಾಡಿ, ಹೆಚ್ಚಿದ ಎರಡು ಈರುಳ್ಳಿ, ಒಂದು ದಪ್ಪ ಮೆಣಸಿನಕಾಯಿ, ಎರಡು ಚಮಚ ಉಪ್ಪು, ಒಂದು ಚಮಚ ಸಕ್ಕರೆ ಸೇರಿಸುತ್ತೇನೆ. ನೀರು ಹಾಕಬಾರದು, ಹಣ್ಣೇ ಬಿಟ್ಟುಕೊಳ್ಳುತ್ತದೆ. ಹುಳಿ ತಿನ್ನುವ ಅಲ್ಯೂಮಿನಿಯಂ ಬೇಡ, ಸ್ಟೀಲ್ ಪಾತ್ರೆ ಸಾಕು. ಸಣ್ಣ ಉರಿಯಲ್ಲಿ ಮುಚ್ಚಿ ಇಪ್ಪತ್ತೈದು ನಿಮಿಷ, ತಳ ಹಿಡಿಯದಂತೆ ಆಗಾಗ ಕೈಯಾಡಿಸಬೇಕು. ಹೋಳು ಮೆತ್ತಗಾಗಬೇಕು, ಗೊಜ್ಜಾಗಬಾರದು. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ, ಒಂದು ಹೊತ್ತಿಗೆ ಸಾಕಾಗುವಷ್ಟು ಸಣ್ಣ ಡಬ್ಬಿಗಳಿಗೆ ತುಂಬುತ್ತೇನೆ. ಹೆಪ್ಪುಗಟ್ಟಿದಾಗ ಹಿಗ್ಗುವುದರಿಂದ ಮೇಲೆ ಒಂದು ಇಂಚು ಖಾಲಿ ಬಿಡಬೇಕು. ಮೈನಸ್ 18 ಡಿಗ್ರಿಯಲ್ಲಿ ಆರೇಳು ತಿಂಗಳು ರುಚಿ ಕೆಡುವುದಿಲ್ಲ.

ಊರಿಗೆ ಹೋದಾಗ ಕರೆಂಟ್ ಹೋಗಿ ಬಂದರೆ ಗೊತ್ತಾಗುವುದು ಹೇಗೆ? ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಟ್ಟು ಹೋಗುತ್ತೇನೆ. ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳದಲ್ಲಿದ್ದರೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಡಬ್ಬಿಗಳನ್ನು ಎಸೆಯುವುದೇ ಲೇಸು.

ಮೊದಲ ಸಲ ಫೋನಿನಲ್ಲಿ ಹೇಳಿದಾಗ ಅಪ್ಪ, “ಎರಡು ರೂಪಾಯಿ ಹಣ್ಣಿಗೆ ಇಪ್ಪತ್ತು ರೂಪಾಯಿ ಗ್ಯಾಸು ಸುಡ್ತೀಯೇನೋ?” ಎಂದಿದ್ದರು. ತಪ್ಪಲ್ಲ. ನನ್ನ ಫ್ರೀಜರ್ ಒಂದೂವರೆ ಎಕರೆಗೆ ಉತ್ತರವಲ್ಲ. ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆಂದು 2018-19ರ ಕೇಂದ್ರ ಬಜೆಟ್ 500 ಕೋಟಿ ರೂಪಾಯಿಯ ‘ಆಪರೇಷನ್ ಗ್ರೀನ್ಸ್’ ಘೋಷಿಸಿತು. ಅದಾಗಿ ಮೂರು ವರ್ಷಕ್ಕೂ ಹಣ್ಣು ರಸ್ತೆಗೆ ಬಿತ್ತು.

ಕಳೆದ ಜುಲೈನಲ್ಲಿ ಅಪ್ಪ ಸಿನ್ನರ್‌ಗೆ ಬಂದಿದ್ದರು. ಒಂದು ಡಬ್ಬಿ ಕರಗಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಬಿಸಿ ರಾಗಿ ಮುದ್ದೆ ಜತೆ ಬಡಿಸಿದೆ. ಎರಡು ಮುದ್ದೆ ಮುಗಿಯುವವರೆಗೂ ಅವರು ಮಾತಾಡಲಿಲ್ಲ. ಕೈ ತೊಳೆದು ಬಂದು ಫ್ರೀಜರ್ ಬಾಗಿಲು ತೆಗೆದು ನೋಡಿದರು. “ಇಷ್ಟು ತಿಂಗಳು ಹೀಗೇ ಇರುತ್ತಾ?” ಎಂದರು. ಆಮೇಲೆ ಮೆಲ್ಲಗೆ, “ಅಮ್ಮನಿಗೂ ಒಂದು ಕೊಡಿಸು, ದೊಡ್ಡದು.”