ಕ್ಲಚ್ಚಿಗೆ ಬೇಕು ಚೂರು ಸಡಿಲ

ಓಡುವಾಗ ಗೇರ್ ಬದಲಿಸಲು ಕ್ಲಚ್ ಹಿಡಿಯಲೇಬೇಕೆಂದಿಲ್ಲದ ಬೈಕನ್ನು ಮೈಸೂರು ಅರವತ್ತರ ದಶಕದಲ್ಲೇ ತಯಾರಿಸುತ್ತಿತ್ತು. ಅದು ಜಾವಾ. ಎಡಗಾಲಿನ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್. ಗೇರ್ ತುಳಿದಾಗ ಒಳಗಿನ ಕ್ಯಾಮ್ ತಾನೇ ಕ್ಲಚ್ ಬಿಡಿಸುತ್ತದೆ; ನಿಂತಲ್ಲಿಂದ ಹೊರಡುವಾಗ ಮಾತ್ರ ಕೈಗೆ ಕೆಲಸ. ಈ ಜಾಣ ಏರ್ಪಾಡು ಕೆಟ್ಟಾಗ ಸರಿಪಡಿಸುವುದೂ ಅಷ್ಟೇ ಜಾಣತನದ ಕಸುಬು.

ಜೆಕೊಸ್ಲೊವಾಕಿಯಾದ ಪರವಾನಗಿ ಪಡೆದು ಐಡಿಯಲ್ ಜಾವಾ ಕಂಪನಿ 1961ರಲ್ಲಿ ಮೈಸೂರಿನಲ್ಲಿ ಉತ್ಪಾದನೆ ಶುರುಮಾಡಿತು. 1973ರಿಂದ ಬೈಕುಗಳ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಗಾಡಿಗಳು ನಿಲ್ಲಲಿಲ್ಲ. ಅವುಗಳಿಗೆ ಎಂಥ ದಾರಿಯಲ್ಲಿ ಪರೀಕ್ಷೆ ಎಂದು ತಿಳಿಯಲು ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗಬೇಕು. ಆಂಧ್ರದಲ್ಲಿ ಹೊರಟು, ಕರ್ನಾಟಕ ಹೊಕ್ಕು, ಮತ್ತೆ ಆಂಧ್ರ ಸೇರುವ ದಾರಿ ಅದು; ಕನ್ನಡ, ತೆಲುಗು ಎರಡೂ ನಡೆಯುವ ಸೀಮೆ. 2022ರಲ್ಲಿ ಹಿಂದೂಪುರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಬಂಡೆಗುಡ್ಡ, ಒಣಹಳ್ಳ, ಕಡಲೆಕಾಯಿ ಹೊಲಗಳ ಕೊರಕಲು ದಾರಿ ಮಾತ್ರ ಎರಡೂ ಕಡೆ ಒಂದೇ.

ಇಂಥ ನೆಲದ ಮೇಲೆಯೇ ಹೊರದೇಶಗಳಲ್ಲಿ ಟ್ರಯಲ್ಸ್ ಎಂಬ ಸ್ಪರ್ಧೆ ನಡೆಯುತ್ತದೆ. ಅದು ವೇಗದ ಪಂದ್ಯವಲ್ಲ. ಬಂಡೆ, ಹಳ್ಳಗಳನ್ನು ಕಾಲೂರದೆ ದಾಟಬೇಕು. ಕಾಲು ನೆಲಕ್ಕೆ ತಾಗಿದರೆ ದಂಡದ ಅಂಕ. 1909ರಲ್ಲಿ ಆರಂಭವಾದ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ ಇದರಲ್ಲಿ ಹೆಸರುವಾಸಿ. ಅದನ್ನು 1952 ಮತ್ತು 1957ರಲ್ಲಿ ಜಾನಿ ಬ್ರಿಟನ್ ರಾಯಲ್ ಎನ್‌ಫೀಲ್ಡ್ ಓಡಿಸಿ ಗೆದ್ದರು. ಅಲ್ಲಿ ಆಕ್ಸಲರೇಟರಿಗಿಂತ ಹೆಚ್ಚು ದುಡಿಯುವುದು ಹಾಫ್ ಕ್ಲಚ್. ಹಿಂದೆ ಮೂಟೆ ಕಟ್ಟಿಕೊಂಡು ಮೊದಲ ಗೇರಿನಲ್ಲಿ ಹೊಲದ ದಿಬ್ಬ ಹತ್ತುವ ಹಳೇ ಜಾವಾದ ಕ್ಲಚ್ಚಿಗೂ ಅದೇ ಪಾಡು.

ಹೀಗೆ ದುಡಿದ ಗಾಡಿ ಎರಡು ದೂರು ಹೊತ್ತು ಶೆಡ್ಡಿಗೆ ಬರುತ್ತದೆ: ಕ್ಲಚ್ ಸ್ಲಿಪ್ ಆಗುತ್ತದೆ, ಲಿವರ್ ಹಿಡಿಯಲು ಬಹಳ ಗಟ್ಟಿ. ಇವು ಎಷ್ಟೋ ಸಲ ಒಂದರಿಂದೊಂದು ಹುಟ್ಟಿದ ರೋಗಗಳು. ಸ್ಲಿಪ್ ಆಯಿತೆಂದು ಯಾರೋ ಗಡಸು ಸ್ಪ್ರಿಂಗ್ ಹಾಕಿರುತ್ತಾರೆ; ಲಿವರ್ ಗಟ್ಟಿಯಾಗುತ್ತದೆ. ಗಟ್ಟಿ ಲಿವರಿನಲ್ಲಿ ಕ್ಲಚ್ ಪೂರಾ ಬಿಡುತ್ತಿಲ್ಲವೆಂದು ಕೇಬಲ್ ಎಳೆದು ಬಿಗಿಯುತ್ತಾರೆ. ಆಗ ಲಿವರ್ ಮುಟ್ಟದಿದ್ದರೂ ಒಳಗಿನ ದಂಡ ಪ್ಲೇಟುಗಳನ್ನು ಅರೆಬರೆ ಬಿಡಿಸಿಯೇ ಇಟ್ಟಿರುತ್ತದೆ. ಸ್ಲಿಪ್ ಮತ್ತೂ ಹೆಚ್ಚುತ್ತದೆ.

ಆದ್ದರಿಂದ ಕಸುಬು ಬಲ್ಲವರು ಸ್ಪ್ಯಾನರ್ ಹಿಡಿಯುವ ಮೊದಲು ಲಿವರನ್ನು ಬೆರಳಿನಿಂದ ಅಲ್ಲಾಡಿಸುತ್ತಾರೆ. ಎರಡು ಮೂರು ಮಿಲಿಮೀಟರ್ ಪ್ಲೇ, ಅಂದರೆ ಸಡಿಲ, ಇರಲೇಬೇಕು. ಜಾವಾದಲ್ಲಿ ಈ ಲೆಕ್ಕ ಇನ್ನೂ ನಾಜೂಕು. ಪ್ಲೇ ಇಲ್ಲದಿದ್ದರೆ ಸ್ಲಿಪ್. ಅತಿಯಾದರೆ ಕಾಲಿನಿಂದ ಬಿಡುವ ಕ್ಲಚ್ ಪೂರ್ತಿ ಬಿಡದೆ ಗೇರು ಕಟಕಟ ಎನ್ನುತ್ತದೆ.

ಮುಂದಿನದು ಕೇಬಲ್. ಹ್ಯಾಂಡಲ್ ಕಡೆಯ ತುದಿ ಬಿಚ್ಚಿ ಎತ್ತಿ ಹಿಡಿದು, ಕೆಳತುದಿಯಲ್ಲಿ ಎಣ್ಣೆ ಕಾಣುವವರೆಗೂ ಹನಿ ಹನಿ ಬಿಡಬೇಕು. ಎಳೆ ಕಿತ್ತಿದ್ದರೆ, ಚೂಪಾಗಿ ಮಡಚಿದ್ದರೆ ಹೊಸದನ್ನೇ ಹಾಕಬೇಕು. ಎಷ್ಟೋ ಗಟ್ಟಿ ಕ್ಲಚ್ಚುಗಳು ಇಲ್ಲೇ ಮೆತ್ತಗಾಗುತ್ತವೆ. ಆಮೇಲೆ ಆಯಿಲ್. ಜಾವಾದ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಜಾರಿಕೆ ಹೆಚ್ಚಿಸುವ ರಾಸಾಯನಿಕ ಬೆರೆತ ಕಾರಿನ ಆಯಿಲ್ ಸುರಿದರೆ ಹೊಸ ಪ್ಲೇಟೂ ಜಾರುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ ಗುರುತಿರುವ ಬೈಕಿನ ಆಯಿಲ್ ಇದಕ್ಕೆ ತಕ್ಕದ್ದು.

ಇಷ್ಟಾದರೂ ಬಗ್ಗದಿದ್ದರೆ ಕವರ್ ಬಿಚ್ಚುವ ಸರದಿ. ರೊಟ್ಟಿ ಪೇರಿಸಿದಂತೆ ಕೂತ ಪ್ಲೇಟುಗಳಲ್ಲಿ ಕಾರ್ಕ್ ಪ್ಲೇಟ್ ಒಂದು, ಉಕ್ಕಿನದು ಒಂದು, ಹೀಗೆ ಸಾಲು. ಉಕ್ಕು ನೀಲಿಗಟ್ಟಿದ್ದರೆ ಹಾಫ್ ಕ್ಲಚ್ಚಿನಲ್ಲಿ ಕಾದಿದೆ ಎಂದರ್ಥ. ಅದನ್ನು ಗಾಜಿನ ಹಲಗೆಯ ಮೇಲಿಟ್ಟು ನೋಡಿದರೆ ಸೊಟ್ಟಗಾಗಿರುವುದು ತಿಳಿಯುತ್ತದೆ. ಕಾರ್ಕ್ ಬರೀ ಹೊಳಪುಗಟ್ಟಿದ್ದರೆ ಎಮರಿ ಕಾಗದದಲ್ಲಿ ಹಗುರವಾಗಿ ಉಜ್ಜಿದರೆ ಸಾಕು, ಸವೆದಿದ್ದರೆ ಹೊಸದು. ಹೊಸ ಕಾರ್ಕನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಬೇಕು. ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ ಎತ್ತರ ನೋಡಬೇಕು. ಒಂದು ಕುಗ್ಗಿದ್ದರೂ ಇಡೀ ಸೆಟ್ ಬದಲಿಸಬೇಕು. ಒತ್ತುವ ಪ್ಲೇಟ್ ಓರೆಯಾಗದೆ ನೆಟ್ಟಗೆ ಏಳುವಂತೆ ಕೂರಿಸುವುದರಲ್ಲಿ ಕೈಗುಣ ಕಾಣುತ್ತದೆ. ತಳ್ಳುವ ದಂಡದ ತುದಿ ಸವೆದು ಅಗಲವಾಗಿದ್ದರೆ ಅದೂ ಲಿವರನ್ನು ಗಟ್ಟಿ ಮಾಡುತ್ತದೆ.

ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಗಳಿಗೆ ಹಳೇ ದಾಸ್ತಾನು, ನಕಲು ಮಾಲು, ಗುಜರಿ ಇವೇ ದಿಕ್ಕು. ಹಿಂದೂಪುರದವರಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಸುಮಾರು ನೂರು ಕಿಲೋಮೀಟರ್. ಮಾಲು ಎಲ್ಲಿಂದ ಬಂದರೂ ದಪ್ಪದಲ್ಲಿ ಕೂದಲೆಳೆ ವ್ಯತ್ಯಾಸವಿರುತ್ತದೆ. ಹಳೆಯದರ ಪಕ್ಕದಲ್ಲಿಟ್ಟು ಅಳೆಯದೆ ಹಾಕಬಾರದು.

ಹಳೇ ಜಾವಾ ಕೊಳ್ಳುವವರಿಗೆ ಒಂದು ಸರಳ ಪರೀಕ್ಷೆ. ಖಾಲಿ ರಸ್ತೆಯಲ್ಲಿ ಮೇಲಿನ ಗೇರಿಗೆ ಹಾಕಿ ಆಕ್ಸಲರೇಟರ್ ತಿರುವಿ. ಎಂಜಿನ್ ಕೂಗು ಏರಿ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ. ಅಷ್ಟಕ್ಕೇ ಬೇಡವೆನ್ನಬೇಕಿಲ್ಲ. ಮೊದಲು ಕೇಬಲ್ ಸ್ವಲ್ಪ ಸಡಿಲಿಸಿ ಇನ್ನೊಮ್ಮೆ ಓಡಿಸಿ ನೋಡಿ. ಬೆಲೆ ಮಾತಾಡುವುದು ಆಮೇಲೆ.